ಎರಡು ಹಲ್ಲಿನ ಸುಳ್ಳು

ಹೋದ ವರ್ಷ ಒಂದು ಹಳೇ ಕಾರು ಮಾರಿದೆ. ಮಾರುವ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಕಾರು ಬಿಟ್ಟುಕೊಡೋಕೆ ಸಂಕಟ ಅಂತ ಹೆಂಡತಿ ತಿಳಿದುಕೊಂಡಳು. ನಾನೂ ಹಾಗೇ ತಿಳಿಯಲಿ ಅಂತ ಸುಮ್ಮನಿದ್ದೆ. ನಿಜ ಏನಂದರೆ ಆ ಕಾರಿನ ಗೇರ್‌ಬಾಕ್ಸ್‌ನ ಬಾಲದಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಪ್ಲಾಸ್ಟಿಕ್ ಹಲ್ಲುಚಕ್ರ ಕೂತಿತ್ತು. ಅದು ಎರಡು ವರ್ಷದಿಂದ ಸುಳ್ಳು ಹೇಳ್ತಾ ಇತ್ತು. ಆ ವಿಷಯ ಗೊತ್ತಿದ್ದವನು ಇಡೀ ಪ್ರಪಂಚದಲ್ಲಿ ನಾನೊಬ್ಬನೇ. ಕೊಳ್ಳೋಕೆ ಬರ್ತಿದ್ದವನು ಅದನ್ನು ಕೇಳುವ ಸಾಧ್ಯತೆ ತೀರಾ ಕಮ್ಮಿ. ಯಾರೂ ಕೇಳದ ಸತ್ಯವನ್ನು ನಾವಾಗೇ ಹೇಳಬೇಕಾ? ರಾತ್ರಿಯೆಲ್ಲ ಹೊರಳಾಡಿದ್ದು ಇದಕ್ಕೆ.

ಮೊದಲು ಕಾರಿನ ವಿಷಯ ಹೇಳಿಬಿಡ್ತೀನಿ. ನಾನಿರೋದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ಎಲ್ಲರ ಹಾಗೆ ಕೋಡ್ ಬರೆಯೋ ಕೆಲಸ. ಕಾರು 1976ರ ಡಾಟ್ಸನ್ 280ಝಡ್. ಡಾಟ್ಸನ್ ಅಂದ ಕೂಡಲೇ ನಮ್ಮಲ್ಲಿ ನೆನಪಾಗೋದು 2014ರಲ್ಲಿ ಬಂದ ಡಾಟ್ಸನ್ ಗೋ. ನಿಸಾನ್ ಕಂಪನಿ ಮೂಲೆಗೆ ಹಾಕಿದ್ದ ಹೆಸರನ್ನು ಧೂಳು ಕೊಡವಿ ಆ ಚಿಕ್ಕ ಕಾರಿಗೆ ಇಟ್ಟಿತ್ತು. ಆದರೆ ಅಮೆರಿಕದಲ್ಲಿ ಡಾಟ್ಸನ್ ಅಂದರೆ ಝಡ್ ಕಾರು. ಉದ್ದ ಮೂತಿ, ಆರು ಸಿಲಿಂಡರು, ಹಿಂದಿನ ಚಕ್ರಕ್ಕೆ ಎಳೆತ. ಜಪಾನಿನಲ್ಲಿ ಇದರ ಹೆಸರು ಫೇರ್‌ಲೇಡಿ ಝಡ್. ಅಮೆರಿಕದ ವ್ಯವಹಾರ ನೋಡಿಕೊಳ್ತಿದ್ದ ಯುಟಾಕಾ ಕಟಯಾಮಾಗೆ ಆ ಹೆಸರು ಹಿಡಿಸಲಿಲ್ಲ. ಅದನ್ನು ತೆಗೆಸಿ ಎಂಜಿನ್ ಗಾತ್ರದ ಅಂಕಿಯನ್ನೇ ಹೆಸರು ಮಾಡಿಸಿದರು. 2.4 ಲೀಟರಿನದು 240, ನನ್ನದು 2.8, ಹಾಗಾಗಿ 280. ಹೆಸರಿನ ಪಟ್ಟಿ ಕಿತ್ತು ಬೇರೆ ಹಚ್ಚೋದು ಈ ಕಾರಿಗೆ ಹುಟ್ಟಿನಿಂದಲೇ ಬಂದ ಗುಣ ಅನ್ನಿ.

1976ರ ಕಾರಿಗೆ ಬರೀ ನಾಲ್ಕು ಗೇರು. ಐದನೇ ಗೇರು ಅಮೆರಿಕದ ಝಡ್‌ಗೆ ಬಂದದ್ದು 1977ರಲ್ಲಿ. ಹೈವೇಯಲ್ಲಿ ಗಂಟೆಗೆ 70 ಮೈಲಿ ಓಡಿಸಿದರೆ ಎಂಜಿನ್ ಸುಮಾರು ಮೂರೂವರೆ ಸಾವಿರ ಸುತ್ತು ಸುತ್ತುತ್ತಾ ಕಿರುಚುತ್ತೆ. ಪಕ್ಕದಲ್ಲಿ ಕೂತವರ ಜೊತೆ ಮಾತು ಸಾಧ್ಯವಿಲ್ಲ. ಈ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರೋ ಮದ್ದು ಒಂದೇ: 1981ರಿಂದ 83ರವರೆಗಿನ 280ಝಡ್‌ಎಕ್ಸ್‌ನ ಐದು ಗೇರಿನ ಡಬ್ಬ ತಂದು ಕೂರಿಸೋದು. ಎಂಜಿನ್‌ನ ವಂಶ ಒಂದೇ, ಬೋಲ್ಟಿನ ತೂತುಗಳು ಒಂದೇ, ಕತ್ತರಿಸೋದು ಬೆಸುಗೆ ಹಾಕೋದು ಏನೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇಂಟರ್‌ಫೇಸ್ ಅದೇ, ಒಳಗಿನ ಇಂಪ್ಲಿಮೆಂಟೇಶನ್ ಬೇರೆ. ಇಂಟರ್‌ಫೇಸ್ ಹೊಂದಿತು ಅಂದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂದುಕೊಳ್ಳೋದು ಎಂಥ ದಡ್ಡತನ ಅಂತ ಪ್ರೊಡಕ್ಷನ್‌ನಲ್ಲಿ ಪೆಟ್ಟು ತಿಂದ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಮಾಡಿದೆ.

ಇಲ್ಲಿ ಹಳೇ ಕಾರುಗಳ ಗುಜರಿ ಯಾರ್ಡುಗಳು ಎಕರೆಗಟ್ಟಲೆ ಇರ್ತವೆ. ಸ್ಪ್ಯಾನರು ತಗೊಂಡು ಹೋಗಿ ಬೇಕಾದ್ದು ನಾವೇ ಬಿಚ್ಚಿಕೊಂಡು ಬರಬೇಕು. ನಾನು ಹೋದ ಯಾರ್ಡಿನಲ್ಲಿ ಮೊದಲೇ ಬಿಚ್ಚಿಟ್ಟಿದ್ದ ಎರಡು ಡಬ್ಬ ಇದ್ದವು. ಒಂದರ ಮೇಲೆ ಬಿಳಿ ಮಾರ್ಕರಿನಲ್ಲಿ 82 ಅಂತ ಬರೆದಿತ್ತು, ಇನ್ನೊಂದರ ಮೇಲೆ 79. ನೋಡೋಕೆ ಅವಳಿ ಜವಳಿ. ನಿಸಾನಿನವರು ಇವೆರಡನ್ನೂ ಕರೆಯೋದು ಎಫ್‌ಎಸ್5ಡಬ್ಲ್ಯೂ71ಬಿ ಅಂತಲೇ. ಅದರಲ್ಲಿ 5 ಅಂದರೆ ಐದು ಗೇರು, 71 ಅಂದರೆ ಒಳಗಿನ ಎರಡು ಶಾಫ್ಟುಗಳ ನಡುವಿನ ದೂರ, ಮಿಲಿಮೀಟರಿನಲ್ಲಿ. ಹೆಸರು ಅಲ್ಲಿಗೆ ಮುಗೀತು. ಒಳಗೆ ಯಾವ ಹಲ್ಲು ಯಾವುದಕ್ಕೆ ಕಚ್ಚುತ್ತೆ ಅನ್ನೋದು ಹೆಸರಿನಲ್ಲಿ ಇಲ್ಲ.

ಮಾರ್ಕರಿನ ಬರಹ ನಂಬದೆ ಕಂಡುಹಿಡಿಯೋ ದಾರಿ ಒಂದಿದೆ. ಎರಡು ಕಡೆಯ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ. ಮೊದಲನೇ ಗೇರಿಗೆ ಹಾಕಿ. ಎಂಜಿನ್ ಕಡೆಯ ಶಾಫ್ಟನ್ನು ಕೈಯಲ್ಲಿ ತಿರುಗಿಸ್ತಾ, ಹಿಂದಿನ ಶಾಫ್ಟು ಒಂದು ಪೂರ್ತಿ ಸುತ್ತು ಬರೋವರೆಗೆ ಎಣಿಸಿ. 1980ರವರೆಗಿನದಾದರೆ ಮೂರು ಸುತ್ತು ಮತ್ತೆ ಒಂದು ಮೂರನೇ ಭಾಗ ಬೇಕು, ಅದರ ಅನುಪಾತ 3.321. ಆಮೇಲಿನದಾದರೆ ಮೂರು ಸುತ್ತು ಮುಗಿದು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, 3.062. ಇನ್ನೂ ಅನುಮಾನ ಇದ್ದರೆ ಐದನೇ ಗೇರಿಗೆ ಹಾಕಿ ನೋಡಿ. ಹಳೆಯದಕ್ಕೆ 0.864, ಹೊಸದಕ್ಕೆ 0.745, ಅಂದರೆ ಹೆಚ್ಚುಕಮ್ಮಿ ಮುಕ್ಕಾಲು ಸುತ್ತು. ನನಗೆ ಬೇಕಾಗಿದ್ದು ಮುಕ್ಕಾಲು ಸುತ್ತಿನದು.

ಎಣಿಸಿದೆ. 79 ಅಂತ ಬರೆದದ್ದೇ 82ರದು. ಯಾರೋ ಅದಲು ಬದಲು ಬರೆದಿದ್ದರು. ಕೌಂಟರಿನ ಮುದುಕನಿಗೆ ಹೇಳಿದೆ. ಎರಡಕ್ಕೂ ರೇಟು ಒಂದೇ, ನಿನಗೆ ಯಾವುದು ಬೇಕೋ ತಗೊಂಡು ಹೋಗು ಅಂದ. ಆ ದಿನ ಬಹಳ ಖುಷಿಯಾಗಿತ್ತು. ಹಣೆಪಟ್ಟಿ ಏನಾದರೂ ಹೇಳಲಿ, ತಿರುಗಿಸಿ ನೋಡಿದರೆ ವಸ್ತು ತನ್ನ ನಿಜ ತಾನೇ ಹೇಳುತ್ತೆ. ಊರಿನಲ್ಲಿ ಹೆಸರು ಕೇಳಿದ ಮೇಲೆ ಅಪ್ಪನ ಹೆಸರು, ಆಮೇಲೆ ಬೀದಿ, ಅಲ್ಲಿಂದ ಜಾತಿ ಅಂತ ಪಟ್ಟಿ ಓದಿಸಿಕೊಂಡೇ ಬೆಳೆದವನಿಗೆ ಈ ಲೆಕ್ಕ ಯಾಕೆ ಹಿಡಿಸಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕೂರಿಸಿದ ಕಥೆ ಉದ್ದ ಮಾಡಲ್ಲ. ಎರಡು ಶನಿವಾರ, ಗೆಳೆಯನೊಬ್ಬನ ಗ್ಯಾರೇಜು, ಒಂದು ಜಜ್ಜಿದ ಬೆರಳು. ಕ್ಲಚ್ ಬೇರಿಂಗ್ ಕೂರೋ ಕಾಲರು ಬೇರೆ ಬೇರೆ ಎತ್ತರದ್ದು ಬರುತ್ತೆ, ಅದು ಡಬ್ಬಕ್ಕಲ್ಲ, ಪ್ರೆಶರ್ ಪ್ಲೇಟಿಗೆ ಜೋಡಿಯಾಗಬೇಕು. ಇದು ಗೊತ್ತಿಲ್ಲದೆ ಮೊದಲ ಶನಿವಾರ ಪೂರ್ತಿ ದಂಡವಾಯ್ತು. ಎರಡನೇ ಶನಿವಾರ ಸಂಜೆ ಹೈವೇಗೆ ಹೋಗಿ ಐದನೇ ಗೇರು ಹಾಕಿದೆ. ಎಪ್ಪತ್ತರಲ್ಲಿ ಎಂಜಿನ್ ಎರಡು ಸಾವಿರದ ಆರುನೂರರ ಹತ್ತಿರ ಇಳಿದು ನಿಟ್ಟುಸಿರು ಬಿಟ್ಟಂತೆ ಓಡಿತು. ಹೆಂಡತಿ ಪಕ್ಕದಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿ ಮಾತಾಡಿದಳು. ಆ ಕಾರಿನಲ್ಲಿ ಅದೇ ಮೊದಲು.

ಮೂರು ತಿಂಗಳಾದ ಮೇಲೆ ಪೊಲೀಸ್ ಹಿಡಿದ. ಮಿತಿ 70, ನನ್ನ ಮೀಟರು ತೋರಿಸ್ತಿದ್ದದ್ದೂ 70. ಅವನ ರಾಡಾರಿನಲ್ಲಿ 78. ಯಂತ್ರ ಕೆಟ್ಟಿದೆ ಅಂತ ಮನಸ್ಸಿನಲ್ಲೇ ಬೈಕೊಂಡು ದಂಡ ಕಟ್ಟಿದೆ. ವಾಪಸ್ ಬರ್ತಾ ಫೋನಿನ ಜಿಪಿಎಸ್ ಹಾಕಿ ನೋಡಿದೆ. ಮೀಟರು 60 ಅಂದರೆ ಫೋನು 67 ಅಂತಿತ್ತು. ಕೆಟ್ಟಿದ್ದದ್ದು ಅವನ ಯಂತ್ರ ಅಲ್ಲ.

ಆಗ ಹೊಳೆಯಿತು. ಈ ಕಾಲದ ಹಿಂದಿನ ಚಕ್ರದ ಕಾರುಗಳಲ್ಲಿ ಸ್ಪೀಡೋಮೀಟರಿನ ಕೇಬಲ್ಲನ್ನು ತಿರುಗಿಸೋದು ಗೇರ್‌ಬಾಕ್ಸಿನ ಬಾಲದಲ್ಲಿರೋ ಒಂದು ಪುಟ್ಟ ಪಿನಿಯನ್. ಹಿಂದಿನ ಆಕ್ಸಲ್ಲಿನ ಅನುಪಾತಕ್ಕೆ ತಕ್ಕಂತೆ ಅದರ ಹಲ್ಲಿನ ಲೆಕ್ಕ ಇರುತ್ತೆ. ನನ್ನ ಕಾರಿನ ಆಕ್ಸಲ್ 3.54, ಅದಕ್ಕೆ 17 ಹಲ್ಲು. ದಾನಿ ಝಡ್‌ಎಕ್ಸ್‌ನ ಆಕ್ಸಲ್ 3.9, ಅದಕ್ಕೆ 19. ಆ ಕಾರಿನಲ್ಲಿ ಒಂದು ಮೈಲಿಗೆ ಶಾಫ್ಟು ಹೆಚ್ಚು ಸುತ್ತು ಸುತ್ತುತ್ತೆ, ಆದ್ದರಿಂದ ಹೆಚ್ಚು ಹಲ್ಲಿನ ಪಿನಿಯನ್ ಹಾಕಿ ಅದನ್ನು ಸರಿದೂಗಿಸಿದ್ದಾರೆ. ನಾನು ಡಬ್ಬದ ಜೊತೆ ಆ ಹತ್ತೊಂಬತ್ತು ಹಲ್ಲನ್ನೂ ಹಾಗೇ ತಂದು ಕೂರಿಸಿಬಿಟ್ಟಿದ್ದೆ. ಅಲ್ಲಿ ಸತ್ಯ ಹೇಳ್ತಿದ್ದ ಅದೇ ಪಿನಿಯನ್ ಇಲ್ಲಿ ಬಂದು ಸುಳ್ಳು ಹೇಳೋಕೆ ಶುರು ಮಾಡಿತ್ತು. ಅದರ ತಪ್ಪೇನೂ ಇಲ್ಲ, ಸಹವಾಸ ಬದಲಾಗಿತ್ತು ಅಷ್ಟೇ. ಹತ್ತೊಂಬತ್ತು ಮೈಲಿ ಓಡಿದರೆ ಹದಿನೇಳು ಅಂತ ಬರೆಯುತ್ತೆ. ವೇಗ ಮಾತ್ರ ಅಲ್ಲ, ಓಡಿದ ಮೈಲಿಯ ಲೆಕ್ಕವೂ ಅದೇ ಕೇಬಲ್ಲಿನದು.

ಸರಿಮಾಡೋದು ಹತ್ತು ನಿಮಿಷದ ಕೆಲಸ. ಹಳೇ ಡಬ್ಬ ನನ್ನ ಗ್ಯಾರೇಜಿನ ಮೂಲೆಯಲ್ಲೇ ಇತ್ತು, ಅದರ ಬಾಲದಲ್ಲಿ ಹದಿನೇಳು ಹಲ್ಲಿನದು ಕೂತಿತ್ತು. ಒಂದು ಬೋಲ್ಟು ಬಿಚ್ಚಿ, ಅದನ್ನು ತೆಗೆದು, ಇಲ್ಲಿಗೆ ಹಾಕಿದರೆ ಮುಗೀತು.

ಹಾಕಲಿಲ್ಲ.

ಸೋಮಾರಿತನ ಅಂತ ಹೇಳಿಕೊಳ್ಳಬಹುದು. ಮೊದಲ ಎರಡು ವಾರ ಸೋಮಾರಿತನವೇ. ಆಮೇಲೆ ಏನಾಯ್ತು ಅಂದರೆ, ಮೀಟರಿನ ಅಂಕಿ ನಿಧಾನಕ್ಕೆ ಏರೋದು ಕಂಡು ಒಳಗೆಲ್ಲೋ ಒಂದು ಸಣ್ಣ ಸಮಾಧಾನ ಶುರುವಾಯ್ತು. ಮುಂದೆ ಮಾರೋವಾಗ ಒಂದೆರಡು ಸಾವಿರ ಮೈಲಿ ಕಮ್ಮಿ ಇದ್ದರೆ ಒಳ್ಳೇದೇ ಅಲ್ವಾ. ನಾನೇನು ಮೀಟರು ಹಿಂದಕ್ಕೆ ತಿರುಗಿಸಿಲ್ಲ, ಅದಾಗೇ ಆಗಿದ್ದು. ವೇಗವನ್ನು ಫೋನಿನಲ್ಲಿ ನೋಡಿಕೊಂಡರೆ ಆಯ್ತು. ಹೀಗೆ ಎರಡು ವರ್ಷ. ಮಾರೋ ಹೊತ್ತಿಗೆ, ಡಬ್ಬ ಕೂರಿಸಿದ ಮೇಲೆ ಮೀಟರಿನ ಪ್ರಕಾರ ಓಡಿದ್ದು 9,500 ಮೈಲಿ. ನಿಜವಾಗಿ ಓಡಿದ್ದು 10,600 ಚಿಲ್ಲರೆ.

ಸಾವಿರದ ನೂರು ಮೈಲಿ ಏನು ಮಹಾ ಅಂತ ನೀವು ಕೇಳ್ತೀರಿ. ನಾನೂ ಅದನ್ನೇ ಕೇಳಿಕೊಂಡೆ. ಈ ಕಾರಿನ ಮೀಟರಿನಲ್ಲಿ ಮೈಲಿಗೆ ಇರೋದು ಐದೇ ಮನೆ. ಲಕ್ಷ ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ನನ್ನದು 52 ಸಾವಿರ ತೋರಿಸ್ತಿತ್ತು. ಅದರ ಹಿಂದೆ ಕಾಣದ ಒಂದು ಲಕ್ಷ ಇದೆ ಅಂತ ಈ ಕಾರು ಕೊಳ್ಳೋಕೆ ಬರುವ ಯಾರಿಗಾದರೂ ಗೊತ್ತು. ಲಕ್ಷವನ್ನೇ ನುಂಗಿದ ಮೀಟರು ಸಾವಿರ ನುಂಗಿದ್ದಕ್ಕೆ ಪಂಚಾಯ್ತಿ ಯಾಕೆ?

ಕಾನೂನೂ ನನ್ನ ಕಡೆಗೇ ಇತ್ತು. ಅಮೆರಿಕದಲ್ಲಿ ಗಾಡಿ ಮಾರುವವನು ಮೈಲಿಯ ಅಂಕಿ ಬರೆದು, ನನಗೆ ತಿಳಿದ ಮಟ್ಟಿಗೆ ಇದು ನಿಜ ಅಂತ ಸಹಿ ಹಾಕಬೇಕು. ಆದರೆ 2010ರ ಮಾಡೆಲ್ ಮತ್ತು ಅದಕ್ಕಿಂತ ಹಳೆಯ ಗಾಡಿಗಳಿಗೆ ಕೇಂದ್ರ ಸರ್ಕಾರದ ಆ ನಿಯಮ ಅನ್ವಯ ಆಗಲ್ಲ. ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ: ಓಡೋಮೀಟರನ್ನೇ ರಿಪೇರಿ ಮಾಡಿದಾಗಲೋ ಬದಲಿಸಿದಾಗಲೋ ಹಳೇ ಅಂಕಿ ಉಳಿಸಿಕೊಳ್ಳೋಕೆ ಆಗದಿದ್ದರೆ, ಸೊನ್ನೆಗೆ ಇಟ್ಟು, ಹಳೇ ಅಂಕಿ ಮತ್ತು ತಾರೀಖು ಬರೆದ ಚೀಟಿಯನ್ನು ಎಡಗಡೆ ಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ನಾನು ಮುಟ್ಟಿದ್ದು ಮೀಟರನ್ನಲ್ಲ, ಗೇರ್‌ಬಾಕ್ಸನ್ನು. ಗೇರ್‌ಬಾಕ್ಸಿನ ಬಗ್ಗೆ ಯಾರೂ ಏನೂ ಕೇಳಲ್ಲ. ನಮ್ಮೂರಿನ ಆರ್‌ಸಿಯಲ್ಲೂ ಎಂಜಿನ್ ನಂಬರು, ಚಾಸಿ ನಂಬರು, ಬಣ್ಣ ಇರುತ್ತೆ. ಗೇರ್‌ಬಾಕ್ಸು ಇರಲ್ಲ.

ಆ ರಾತ್ರಿ ಮಲಗಿದವನಿಗೆ ನೆನಪಾದದ್ದು ಮಾತ್ರ ಕಾನೂನಲ್ಲ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ಚಳಿಗಾಲದಲ್ಲಿ ಅಪ್ಪನ ಜೊತೆ ಎತ್ತು ಹೊಡಕೊಂಡು ಹೋಗ್ತಿದ್ದೆ. ಅಲ್ಲಿ ವ್ಯಾಪಾರ ಶುರುವಾಗೋದು ಹಲ್ಲಿನಿಂದ. ಕೊಳ್ಳುವವನು ಎತ್ತಿನ ತುಟಿ ಎತ್ತಿ ನೋಡ್ತಾನೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ಅದೇ ಅದರ ಓಡೋಮೀಟರು. ಮಾರುವವನು ಹೇಳುವ ವಯಸ್ಸನ್ನು ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ಆಮೇಲೆ ಸುಳಿ ನೋಡೋದು, ನಡೆಸಿ ನೋಡೋದು, ಕೊನೆಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡೋದು. ಮಾರುವವರೂ ಸುಮ್ಮನಿರ್ತಿರಲಿಲ್ಲ, ಕೊಂಬು ಹೆರೆಸಿ ಎಣ್ಣೆ ಹಚ್ಚಿ ಮುದಿ ಎತ್ತನ್ನು ಮದುಮಗ ಮಾಡಿರ್ತಿದ್ದರು. ಅದನ್ನು ಯಾರೂ ಮೋಸ ಅಂತಿರಲಿಲ್ಲ. ನೋಡೋಕೆ ಕಣ್ಣಿದೆ, ನೋಡಿಕೊಳ್ಳಲಿ.

ಒಂದು ವರ್ಷ ನಮ್ಮ ಜೋಡಿಯಲ್ಲಿ ಎಡಗಡೆ ಎತ್ತಿಗೆ ಒಂದು ಕೆಟ್ಟ ಗುಣ ಇತ್ತು. ಬಿಸಿಲೇರಿದ ಮೇಲೆ ನೇಗಿಲಿನಲ್ಲಿ ಮಲಗಿಬಿಡ್ತಿತ್ತು. ಏಳಿಸೋಕೆ ಬಾಲ ಕಚ್ಚಬೇಕಿತ್ತು. ಹಲ್ಲಿನಲ್ಲಿ, ಸುಳಿಯಲ್ಲಿ, ನಡಿಗೆಯಲ್ಲಿ ಇದು ಕಾಣಲ್ಲ. ಜಾತ್ರೆಯಲ್ಲಿ ಉಳುಮೆ ಮಾಡಿಸಿ ತೋರಿಸೋಕೂ ಆಗಲ್ಲ. ಮಧುಗಿರಿ ಕಡೆಯ ಒಬ್ಬ ಎಲ್ಲ ನೋಡಿ, ಕೈಗೆ ದುಡ್ಡು ತೆಗೆದುಕೊಂಡ ಮೇಲೆ ಅಪ್ಪನನ್ನು ಕೇಳಿದ, "ಏನಾದ್ರೂ ಐಬು ಐತಾ ಗೌಡ್ರೇ?" ಅಪ್ಪ ಹೇಳಿಬಿಟ್ಟ. ಅವನು ಇನ್ನೂರು ಕಮ್ಮಿ ಮಾಡಿದ. ಬಸ್ಸಿನಲ್ಲಿ ಬರ್ತಾ ಕೇಳಿದೆ, ಹೇಳದಿದ್ದರೆ ಏನಾಗ್ತಿತ್ತು ಅಂತ. "ಕೇಳ್ದ, ಹೇಳ್ದೆ. ಕೇಳ್ದೆ ಹೋಗಿದ್ರೆ ನಾನ್ಯಾಕೆ ಹೇಳ್ಲಿ?" ಅಂದ. ನನ್ನ ಮಟ್ಟಿಗೆ ಅದು ನ್ಯಾಯಶಾಸ್ತ್ರದ ಮೊದಲ ಪಾಠ. ಕೇಳಿದರೆ ಸುಳ್ಳು ಹೇಳಬಾರದು. ಕೇಳದಿದ್ದರೆ ಬಾಯಿ ಬಿಡಬೇಕಾಗಿಲ್ಲ.

ದೊಡ್ಡವನಾದ ಮೇಲೆ ಗೊತ್ತಾಯ್ತು, ಅಪ್ಪನ ಮಾತು 1872ರ ನಮ್ಮ ಕರಾರು ಕಾಯ್ದೆಯಲ್ಲೂ ಇದೆ. ಅದರ 17ನೇ ಸೆಕ್ಷನ್ ವಂಚನೆ ಅಂದರೆ ಏನು ಅಂತ ಹೇಳುತ್ತೆ, ಜೊತೆಗೆ ಕುದುರೆಯ ಉದಾಹರಣೆ ಕೊಡುತ್ತೆ. ಒಬ್ಬ ಐಬಿರೋ ಕುದುರೆಯನ್ನು ಹರಾಜಿನಲ್ಲಿ ಮಾರ್ತಾನೆ, ಐಬಿನ ವಿಷಯ ಏನೂ ಹೇಳಲ್ಲ. ಇದು ವಂಚನೆ ಅಲ್ಲ. ಆದರೆ ಕೊಳ್ಳುವವಳು ಅವನ ಮಗಳೇ ಆಗಿದ್ದು, ಈಗಷ್ಟೇ ಪ್ರಾಯಕ್ಕೆ ಬಂದವಳಾದರೆ ಅವನು ಹೇಳಬೇಕು. ಇನ್ನು ಮೂರನೆಯದು: ಕೊಳ್ಳುವವನು "ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿ ಇದೆ ಅಂತ ತಿಳೀತೀನಿ" ಅಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸಿಸೆರೋ ಕೂಡ ಇದನ್ನೇ ಗುದ್ದಾಡಿದ್ದಾನೆ. ಬರ ಬಿದ್ದ ರೋಡ್ಸ್ ದ್ವೀಪಕ್ಕೆ ಒಬ್ಬ ವ್ಯಾಪಾರಿ ಧಾನ್ಯ ತರ್ತಾನೆ, ಹಿಂದೆಯೇ ಇನ್ನಷ್ಟು ಹಡಗು ಬರ್ತಿರೋದು ಅವನಿಗೆ ಮಾತ್ರ ಗೊತ್ತು. ಜನರಿಗೆ ಹೇಳಬೇಕಾ? ಹೇಳಬೇಕು ಅಂತಾನೆ ಸಿಸೆರೋ. ಸುಮ್ಮನಿರೋದೆಲ್ಲ ಮುಚ್ಚಿಡೋದಲ್ಲ, ಆದರೆ ಇನ್ನೊಬ್ಬನಿಗೆ ಗೊತ್ತಾಗಬೇಕಾದ್ದನ್ನು ನಿನ್ನ ಲಾಭಕ್ಕೋಸ್ಕರ ಗೊತ್ತಾಗದಂತೆ ಇಟ್ಟರೆ ಅದು ಮುಚ್ಚಿಡೋದು ಅಂತ ಅವನ ವಾದ.

ಅಪ್ಪನ ಪಾಠದಲ್ಲಿ ಒಂದು ತೂತಿದೆ ಅಂತ ನನಗೆ ಅನ್ನಿಸೋಕೆ ಶುರುವಾದದ್ದು ಆ ರಾತ್ರಿಯೇ. ಜಾತ್ರೆಯ ನ್ಯಾಯ ನಡೆಯೋದು ಕೊಳ್ಳುವವನಿಗೂ ಹಲ್ಲು ಎಣಿಸೋಕೆ ಬಂದಾಗ. ಎತ್ತಿನ ಬಾಯಿ ಇಬ್ಬರಿಗೂ ತೆರೆದಿರುತ್ತೆ. ನನ್ನ ಹತ್ತೊಂಬತ್ತು ಹಲ್ಲು ಇರೋದು ಎಣ್ಣೆ ತುಂಬಿದ ಡಬ್ಬದ ಒಳಗೆ. ಅದನ್ನು ಅಲ್ಲಿಟ್ಟವನು ನಾನು. ಅದು ತಪ್ಪು ಅಂತ ಗೊತ್ತಾದವನು ನಾನು. ಎಂಜಿನ್ ನಂಬರಿನ ಹಾಗೆ ಎಲ್ಲೂ ಬರೆದಿಲ್ಲ. ನಾನು ಕೀ ಕೊಟ್ಟು ಹೊರಟರೆ ಆ ವಿಷಯವೂ ನನ್ನ ಜೊತೆಗೇ ಹೊರಟುಹೋಗುತ್ತೆ. ಏನು ಕೇಳಬೇಕು ಅಂತಲೇ ಗೊತ್ತಿಲ್ಲದವನು ಕೇಳಲಿಲ್ಲ ಅಂತ ಹೇಳೋದು ಎಂಥ ನ್ಯಾಯ?

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಒಂದು ಪ್ಲಾಸ್ಟಿಕ್ ಪಿನಿಯನ್ನಿಗೆ ಯಾರೂ ನಿದ್ದೆ ಕೆಡಿಸಿಕೊಳ್ಳಲ್ಲ.

ಬಿಇ ಮುಗಿಸಿ ಬೆಂಗಳೂರಿಗೆ ಬಂದಾಗ ನನಗೆ ಸಿಕ್ಕ ಮೊದಲ ಕೆಲಸ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ. ಹನ್ನೊಂದು ತಿಂಗಳಾದ ಮೇಲೆ ಒಂದು ದೊಡ್ಡ ಕ್ಲಯಂಟಿನ ಪ್ರಾಜೆಕ್ಟಿಗೆ ಕಳಿಸಿದರು. ಅಲ್ಲಿಗೆ ಹೋದ ಮೇಲೆ ನನ್ನ ರೆಸ್ಯೂಮೆಯ ಪ್ರಿಂಟು ಮೇಜಿನ ಮೇಲೆ ನೋಡಿದೆ. ಮೂರು ವರ್ಷದ ಅನುಭವ ಅಂತಿತ್ತು. ನಾನು ಕೇಳಿರದ ಎರಡು ಪ್ರಾಜೆಕ್ಟುಗಳ ಹೆಸರಿತ್ತು. ನಾನು ಬರೆದದ್ದಲ್ಲ. ಮ್ಯಾನೇಜರಿಗೆ ಫೋನ್ ಮಾಡಿದರೆ, ಎಲ್ಲರದ್ದೂ ಹಾಗೇ ಕಳಿಸೋದು, ನೀನು ಕೆಲಸ ಮಾಡು ಸಾಕು ಅಂದ. ಮಾಡಿದೆ. ರಾತ್ರಿಯೆಲ್ಲ ಕೂತು ಕಲಿತೆ. ಅಲ್ಲಿನ ಟೀಮ್ ಲೀಡ್ ಒಬ್ಬರು ಕೊಯಮತ್ತೂರಿನವರು, ಅಕ್ಕನ ಹಾಗೆ ನೋಡಿಕೊಂಡರು. ಮೂರು ವರ್ಷದವನಿಗೆ ಇಷ್ಟೂ ಗೊತ್ತಿಲ್ವಾ ಅಂತ ಒಂದೆರಡು ಸಲ ಹುಬ್ಬೇರಿಸಿದ್ದು ಬಿಟ್ಟರೆ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳ್ತಿದ್ದೆ ಅಂತ ನನ್ನನ್ನು ನಾನು ನಂಬಿಸಿಕೊಂಡಿದ್ದೇನೆ. ಮುಂದಿನ ಕೆಲಸಕ್ಕೆ ಶಿಫಾರಸು ಮಾಡಿದ್ದು ಅವರೇ. ಈಗಿರುವ ಕೆಲಸ, ಈ ದೇಶ, ಈ ಕಾರು, ಎಲ್ಲ ಅದೇ ಕೊಂಡಿಯಿಂದ ಬಂದದ್ದು.

ಗೆಳೆಯರ ಹತ್ತಿರ ಈ ವಿಷಯ ಎತ್ತಿದರೆ ನಗ್ತಾರೆ. ಅರ್ಧ ಇಂಡಸ್ಟ್ರಿ ಹೀಗೇ ಶುರುವಾದದ್ದು ಕಣೋ, ಕೆಲಸ ಬಂತಲ್ಲ, ಮತ್ತೇನು ಅಂತಾರೆ. ಕೆಲಸ ಬಂತು ನಿಜ. ಯಾರ್ಡಿನಲ್ಲಿ ನಾನೇ ಅಂದುಕೊಂಡಿದ್ದೆನಲ್ಲ, ಪಟ್ಟಿ ಏನಾದರೂ ಹೇಳಲಿ, ತಿರುಗಿಸಿ ನೋಡಿದರೆ ಸಾಕು ಅಂತ. ಆ ಲೆಕ್ಕದಲ್ಲಿ ನಾನು ಪಾಸು. ಆದರೆ ಆ ಮೂರು ವರ್ಷದ ಪಟ್ಟಿ ಇಲ್ಲದಿದ್ದರೆ ನನ್ನನ್ನು ತಿರುಗಿಸಿ ನೋಡೋಕೆ ಯಾರು ಕೂರ್ತಿದ್ದರು? ಆ ಕುರ್ಚಿಯಲ್ಲಿ ನಿಜವಾಗಿ ಮೂರು ವರ್ಷ ದುಡಿದ ಇನ್ಯಾರೋ ಕೂರಬೇಕಿತ್ತು. ಆ ಮನುಷ್ಯ ಯಾರು ಅಂತ ನನಗೆ ಗೊತ್ತಿಲ್ಲ, ಅದಕ್ಕೇ ನಿಶ್ಚಿಂತೆಯಾಗಿದ್ದೀನಿ. ಸುಳ್ಳು ಬರೆದದ್ದು ಬೇರೆಯವರು. ಗೊತ್ತಾದ ಮೇಲೂ ಬಿಟ್ಟವನು ನಾನು. ಪಿನಿಯನ್ ವಿಷಯದಲ್ಲೂ ಹೆಚ್ಚುಕಮ್ಮಿ ಅದೇ ಮಾಡಿದ್ದೆ. ನಿದ್ದೆ ಬರದಿದ್ದದ್ದಕ್ಕೆ ಕಾರಣ ಇದು.

ಬೆಳಿಗ್ಗೆ ಕೊಳ್ಳುವವನು ಬಂದ. ಅರವತ್ತು ದಾಟಿದ ಮನುಷ್ಯ, ವಿಮಾನದ ಮೆಕ್ಯಾನಿಕ್ ಆಗಿದ್ದು ನಿವೃತ್ತಿಯಾದವನು. ಎರಡು ಗಂಟೆ ಕಾರಿನ ಕೆಳಗೆ ಮಲಗಿದ್ದ. ಐದು ಗೇರು ನೋಡಿ ಖುಷಿಪಟ್ಟ. ಹಳೇ ನಾಲ್ಕು ಗೇರಿನ ಡಬ್ಬವನ್ನೂ ಕೊಡ್ತೀನಿ ಅಂದೆ, ಇನ್ನೂ ಖುಷಿಪಟ್ಟ. ಅವನ ಕಸುಬಿನಲ್ಲಿ ಒಂದು ಭಾಗ ಬದಲಿಸಿದರೆ ಯಾರು, ಯಾವತ್ತು, ಎಲ್ಲಿಂದ ತಂದದ್ದು ಅಂತ ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ನನ್ನ ಹತ್ತಿರ ಅಂಥದ್ದೇನೂ ಇಲ್ಲ ಅಂದಾಗ ತಲೆಯಾಡಿಸಿದ. ಕೊನೆಗೆ ಚೆಕ್ ತೆಗೆಯುತ್ತಾ ಅಂದ, "ಪುಸ್ತಕ ಇಲ್ಲ, ಹಾಗಾಗಿ ನೀನೇ ಪುಸ್ತಕ. ನೀನು ಏನ್ನೂ ಹೇಳದಿದ್ದರೆ ನಾನು ನೋಡಿದ್ದೆಲ್ಲ ಸರಿ ಇದೆ ಅಂತ ತಿಳ್ಕೊಳ್ತೀನಿ."

ಕರಾರು ಕಾಯ್ದೆಯ ಮೂರನೇ ಕುದುರೆ ನನ್ನ ಮನೆ ಮುಂದೆ ಬಂದು ನಿಂತಿತ್ತು.

ಹೇಳಿದೆ. ಹದಿನೇಳು, ಹತ್ತೊಂಬತ್ತು, ಸಾವಿರದ ನೂರು ಮೈಲಿ, ಎಲ್ಲ. ಅವನು ನಗಬಹುದು ಅಂತ ಕಾದೆ. ನಗಲಿಲ್ಲ. ರೇಟು ಇಳಿಸಬಹುದು ಅಂತ ಕಾದೆ. ಅದೂ ಇಲ್ಲ. "ಯಾವಾಗ ಗೊತ್ತಾಯ್ತು?" ಅಂತ ಒಂದೇ ಮಾತು ಕೇಳಿದ.

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಎಷ್ಟು ಮೈಲಿ ಅಂತ ಕೇಳ್ತಾನೆ, ಯಾಕೆ ಹೀಗಾಯ್ತು ಅಂತ ಕೇಳ್ತಾನೆ ಅಂದುಕೊಂಡಿದ್ದೆ. ಎರಡಕ್ಕೂ ಒಳ್ಳೇ ಉತ್ತರ ಇತ್ತು. ಎರಡು ವರ್ಷದ ಮೇಲಾಯ್ತು ಅಂದೆ. ಅವನು ನನ್ನ ಮುಖ ನೋಡಿದ, ಆಮೇಲೆ ಗ್ಯಾರೇಜಿನ ಮೂಲೆಯಲ್ಲಿದ್ದ ಹಳೇ ಡಬ್ಬ ನೋಡಿದ. ಹತ್ತು ಅಡಿ ದೂರ.

ಚೆಕ್ ಕೊಡೋ ಮುಂಚೆ ಸ್ಪ್ಯಾನರು ಕೇಳಿದ. ನಾವಿಬ್ಬರೂ ಸೇರಿ ಅಲ್ಲೇ ಪಿನಿಯನ್ ಬದಲಿಸಿದೆವು. ಹನ್ನೆರಡು ನಿಮಿಷ ಹಿಡಿಯಿತು, ಅವನು ವಾಚು ನೋಡಿ ಹೇಳಿದ. ಆಮೇಲೆ ಒಂದು ಕಾಗದದಲ್ಲಿ ತಾರೀಖು, ಮೀಟರಿನ ಅಂಕಿ, ಅದಕ್ಕೆ ಕೂಡಿಸಬೇಕಾದ ಮೈಲಿ, ಎರಡು ಪಿನಿಯನ್ನಿನ ಹಲ್ಲಿನ ಲೆಕ್ಕ ಎಲ್ಲ ನನ್ನ ಕೈಯಲ್ಲೇ ಬರೆಸಿ, ಸಹಿ ಹಾಕಿಸಿಕೊಂಡ. ಎಡಗಡೆ ಬಾಗಿಲಿನ ಚೌಕಟ್ಟಿನ ಒಳಗೆ ಟೇಪ್ ಹಚ್ಚಿ ಅಂಟಿಸಿದ. ಹಾಗೆ ಮಾಡು ಅಂತ ಕಾನೂನು ಅವನಿಗೂ ಹೇಳಿಲ್ಲ, ನನಗೂ ಹೇಳಿಲ್ಲ.

ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಎಲ್ಲ ಹೇಳಿದೆ. ಎಪ್ಪತ್ತೆರಡು ವರ್ಷ, ಈಗ ಎತ್ತಿಲ್ಲ, ಟ್ರ್ಯಾಕ್ಟರು ಬಾಡಿಗೆಗೆ ಬರುತ್ತೆ. ಹಲ್ಲಿನ ಲೆಕ್ಕ ಎರಡು ಸಲ ಹೇಳಿಸಿಕೊಂಡ, ಅರ್ಥವಾದ ಮೇಲೆ ಜೋರಾಗಿ ನಕ್ಕ.

"ಅಂಗಾರೆ ಅವ್ನು ಕೇಳ್ದ, ನೀನು ಹೇಳ್ದೆ."

"ಹೂಂ ಅಪ್ಪ."

"ಒಳ್ಳೇದಾಯ್ತು ಬಿಡು." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಕೇಳ್ದೆ ಹೋಗಿದ್ರೆ ಹೇಳ್ತಿದ್ದೇನ್ಲಾ?"

ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ, ಆಮೇಲೆ ಮಾಡ್ತೀನಿ ಅಂದೆ.